ನಡೆಯುವ ಮೊದಲೇ ಏರುವ ಕೂಸು

ಕೂಸು ಬೆಳೆಯುವ ಒಂದೊಂದು ಹಂತಕ್ಕೂ ಕನ್ನಡದ ಮನೆಮಾತಿನಲ್ಲಿ ಒಂದೊಂದು ಹೆಸರಿದೆ. ಅದು ಮೊದಲು ಮಗ್ಗುಲಾಗುತ್ತದೆ, ಬೋರಲು ಬೀಳುತ್ತದೆ, ಹೊಟ್ಟೆಯ ಮೇಲೆ ತೆವಳುತ್ತದೆ, ಕೂರುತ್ತದೆ, ಅಂಬೆಗಾಲಿಡುತ್ತದೆ, ಗೋಡೆ ಹಿಡಿದು ನಿಲ್ಲುತ್ತದೆ, ಕೊನೆಗೊಂದು ದಿನ ತಪ್ಪುಹೆಜ್ಜೆ ಇಡುತ್ತದೆ. ಅಂಬೆಗಾಲಿನ ಕೂಸು ಮೊದಲ ಸಲ ಹೊಸ್ತಿಲು ದಾಟಿದ ದಿನ ಹೊಸ್ತಿಲಿಗೆ ಅರಿಸಿನ ಕುಂಕುಮವಿಟ್ಟು ಸಿಹಿ ಹಂಚುವ ರೂಢಿ ನಮ್ಮ ಮನೆತನದಲ್ಲಿದೆ. ಓದುಗರಲ್ಲಿ ಅನೇಕರ ಮನೆಗಳಲ್ಲಿಯೂ ಇದ್ದೀತು. ಆದರೆ ಈ ಸಾಲಿನಲ್ಲಿ ಒಂದು ಹಂತಕ್ಕೆ ಹೆಸರೂ ಇಲ್ಲ, ಸಿಹಿಯೂ ಇಲ್ಲ. ಅದು ಏರುವ ಹಂತ. ಇನ್ನೂ ಒಂದು ಹೆಜ್ಜೆ ನಡೆಯಲಾರದ ಕೂಸು ಕಾಲ್ಮಣೆಯಿಂದ ಕುರ್ಚಿಗೆ, ಕುರ್ಚಿಯಿಂದ ಮೇಜಿಗೆ ಏರಿ ಕುಳಿತುಕೊಳ್ಳುವ ಕಾಲ ಅದು.

ಹೆಸರಿಲ್ಲದಿದ್ದರೂ ಕಥೆಯಿದೆ. ಭಾಗವತದ ದಶಮಸ್ಕಂಧದಲ್ಲಿ ಗೋಪಿಯರು ಯಶೋದೆಗೆ ಒಪ್ಪಿಸುವ ದೂರುಗಳಲ್ಲಿ ಇದೂ ಒಂದು: ಕೈಗೆಟುಕದ ಗಡಿಗೆಯನ್ನು ಮುಟ್ಟಲು ಬಾಲಕೃಷ್ಣನು ಮಣೆ, ಒರಳುಗಳನ್ನೇ ಮೆಟ್ಟಿಲಾಗಿಸಿಕೊಳ್ಳುತ್ತಾನೆ. ಏರುವ ಕೂಸು ಹೊಸ ಕಾಲದ ಸಮಸ್ಯೆಯಲ್ಲ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು. ಹೊಸದಾಗಿರುವುದು ಅದು ಏರುವ ವಸ್ತುಗಳು, ಮತ್ತು ಅದನ್ನು ನೋಡಿಕೊಳ್ಳುವವರ ಸಂಖ್ಯೆ.

ನಾವಿರುವುದು ಟೊರಾಂಟೊ ಸಮೀಪದ ಒಂದು ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ, ಐದನೆಯ ಮಹಡಿಯಲ್ಲಿ. ನಮ್ಮ ಮಗಳು ಹತ್ತನೆಯ ತಿಂಗಳಿನಲ್ಲಿ ಸೋಫಾ ಏರಿದಳು. ಹನ್ನೊಂದರಲ್ಲಿ ಸೋಫಾದ ತೋಳಿನ ಮೇಲಿಂದ ಕಿಟಕಿಯ ಕಟ್ಟೆಗೆ ಕೈ ಚಾಚಿದಳು. ನಡೆದದ್ದು ಅದಾದ ಮೂರು ತಿಂಗಳಿಗೆ. ವಿಡಿಯೊ ಕರೆಯಲ್ಲಿ ಇದನ್ನು ನೋಡುತ್ತಿದ್ದ ಹಿರಿಯರಲ್ಲಿ ಕೆಲವರು ಬಲು ಚೂಟಿ ಎಂದರು, ಕೆಲವರು ಭಯವೆಂಬುದೇ ಇಲ್ಲ ಎಂದರು. ಈ ಎರಡನೆಯ ಮಾತು ನನ್ನನ್ನು ಓದಿಗೆ ಹಚ್ಚಿತು. ಮಗುವಿಗೆ ಎತ್ತರದ ಭಯ ಹುಟ್ಟಿನಿಂದ ಬರುತ್ತದೆಯೆ, ಇಲ್ಲವೆ ಕಲಿಕೆಯಿಂದ ಬರುತ್ತದೆಯೆ? ಕಲಿಕೆಯಿಂದ ಬರುವುದಾದರೆ ಅದು ಬರುವವರೆಗೆ ನಾವು ಮಾಡಬೇಕಾದುದೇನು? ಈ ಲೇಖನದಲ್ಲಿ ಅದನ್ನು ವಿವರಿಸಲು ಯತ್ನಿಸಿದ್ದೇನೆ. ಸಾರವನ್ನು ಮೊದಲೇ ಹೇಳುವುದಾದರೆ, ಏರುವುದು ಮತ್ತು ಇಳಿಯುವುದು ಎರಡು ಬೇರೆ ವಿದ್ಯೆಗಳು. ಮೊದಲನೆಯದನ್ನು ಮಗು ತಾನೇ ಕಲಿಯುತ್ತದೆ, ಎರಡನೆಯದನ್ನು ತಡವಾಗಿ ಕಲಿಯುತ್ತದೆ. ಈ ನಡುವಿನ ಕಾಲದಲ್ಲಿ ಮಗುವಿನ ಭಯವನ್ನು ನಂಬುವಂತಿಲ್ಲ, ಮನೆಯನ್ನೇ ಸಿದ್ಧಪಡಿಸಬೇಕು.

ಹಂತಗಳ ಪಟ್ಟಿ ಹೇಳುವುದೇನು

ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಶಿಶುಗಳ ಚಲನೆಯ ಆರು ಹಂತಗಳ ಬಗೆಗೆ ಒಂದು ಅಧ್ಯಯನವನ್ನು ಪ್ರಕಟಿಸಿತು. ಘಾನಾ, ಭಾರತ, ನಾರ್ವೆ, ಓಮಾನ್ ಮತ್ತು ಅಮೆರಿಕ, ಈ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಅದಕ್ಕಾಗಿ ಗಮನಿಸಲಾಗಿತ್ತು. ಭಾರತದ ಮಕ್ಕಳು ದಕ್ಷಿಣ ದೆಹಲಿಯವರು. ಅದರ ಪ್ರಕಾರ ಮಗು ಅಂಬೆಗಾಲಿಡಲು ತೊಡಗುವ ಅವಧಿ 5.2ರಿಂದ 13.5 ತಿಂಗಳು, ಆಸರೆಯಿಲ್ಲದೆ ನಡೆಯಲು ತೊಡಗುವ ಅವಧಿ 8.2ರಿಂದ 17.6 ತಿಂಗಳು. ತೀರ ಮುಂಚಿನ ಮತ್ತು ತೀರ ತಡವಾದ ನೂರಕ್ಕೆ ಒಂದೊಂದು ಮಗುವನ್ನು ಬಿಟ್ಟು ಉಳಿದೆಲ್ಲ ಮಕ್ಕಳೂ ಈ ಅವಧಿಯೊಳಗೆ ಬರುತ್ತವೆ. ನೂರಕ್ಕೆ ನಾಲ್ಕರಷ್ಟು ಮಕ್ಕಳು ಅಂಬೆಗಾಲೇ ಇಡದೆ ಮುಂದಿನ ಹಂತಕ್ಕೆ ಹೋದುದೂ ಅಲ್ಲಿ ಕಂಡುಬಂದಿತು.

ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಮೊದಲನೆಯದು, ಹದಿಮೂರು ತಿಂಗಳಿಗೂ ನಡೆಯದ ಮಗು ಹಿಂದುಳಿದದ್ದಲ್ಲ. ಹದಿನೆಂಟು ತಿಂಗಳಾದರೂ ನಡೆಯದಿದ್ದರೆ ವೈದ್ಯರ ಸಲಹೆ ಬೇಕು. ಅದಕ್ಕೆ ಮೊದಲು ಬೇಕಾದದ್ದು ತಾಳ್ಮೆ. ಎರಡನೆಯದು, ಆ ಆರು ಹಂತಗಳಲ್ಲಿ ಏರುವುದು ಇಲ್ಲವೇ ಇಲ್ಲ. ಏರುವುದು ಮಗುವಿನ ವಯಸ್ಸಿನ ಮೇಲೆ ಎಷ್ಟು ನಿಂತಿದೆಯೋ ಮನೆಯಲ್ಲಿ ಏರಲು ಏನಿದೆ ಎಂಬುದರ ಮೇಲೂ ಅಷ್ಟೇ ನಿಂತಿದೆ.

2007ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಸಾರಾ ಬರ್ಗರ್, ಕ್ಯಾರೊಲಿನ್ ಥ್ಯೂರಿಂಗ್ ಮತ್ತು ಕ್ಯಾರೆನ್ ಅಡಾಲ್ಫ್ ಅವರು 732 ಶಿಶುಗಳ ತಂದೆತಾಯಿಯರನ್ನು ಮೆಟ್ಟಿಲು ಹತ್ತುವ ಮತ್ತು ಇಳಿಯುವ ಬಗೆಗೆ ವಿಚಾರಿಸಿದರು. ಮಕ್ಕಳು ಸರಾಸರಿ 11 ತಿಂಗಳಿಗೆ ಮೆಟ್ಟಿಲು ಹತ್ತಲು ಕಲಿತಿದ್ದರೆ, ಇಳಿಯಲು ಕಲಿತದ್ದು ಸರಾಸರಿ 12 ತಿಂಗಳು ಕಳೆದು ಎರಡು ವಾರಗಳಾದ ಮೇಲೆ. ಮನೆಯಲ್ಲಿಯೇ ಮೆಟ್ಟಿಲಿದ್ದ ಮಕ್ಕಳು ಉಳಿದವರಿಗಿಂತ ಬೇಗ ಹತ್ತಲು ಕಲಿತರು. ಆದರೆ ಇಳಿಯುವುದನ್ನು ಮಾತ್ರ ಮೆಟ್ಟಿಲಿದ್ದ ಮನೆಯವರೂ ಇಲ್ಲದ ಮನೆಯವರೂ ಒಂದೇ ವಯಸ್ಸಿಗೆ ಕಲಿತರು. ಅಂದರೆ ಅವಕಾಶವು ಏರುವುದನ್ನು ಹಿಂದಕ್ಕೆಳೆದು ತರುತ್ತದೆ. ಇಳಿಯುವುದು ತನ್ನ ಕಾಲಕ್ಕೇ ಬರುತ್ತದೆ. ಏರಲು ಹೆಚ್ಚು ವಸ್ತುಗಳಿರುವ ಮನೆಯಲ್ಲಿ ಅಪಾಯದ ಅವಧಿ ಅಷ್ಟರಮಟ್ಟಿಗೆ ಉದ್ದವಾಗುತ್ತದೆ.

ಏರುವುದೇಕೆ ಸುಲಭ, ಇಳಿಯುವುದೇಕೆ ಕಷ್ಟ

ನಡೆಯದ ಮಗು ಏರುವುದು ಮೇಲುನೋಟಕ್ಕೆ ವಿಚಿತ್ರವೆನಿಸುತ್ತದೆ. ಆದರೆ ನಡಿಗೆಗೆ ಬೇಕಾದ ಸಾಮರ್ಥ್ಯ ಬೇರೆ, ಏರಲು ಬೇಕಾದದ್ದು ಬೇರೆ. ನಡೆಯುವಾಗ ಪ್ರತಿ ಹೆಜ್ಜೆಯಲ್ಲಿಯೂ ಒಂದು ಕ್ಷಣ ಇಡೀ ದೇಹ ಒಂದೇ ಕಾಲಿನ ಮೇಲೆ ನಿಲ್ಲಬೇಕು. ಏರುವಾಗ ಎರಡು ಕೈ, ಎರಡು ಕಾಲುಗಳಲ್ಲಿ ಮೂರು ಊರಿಕೊಂಡಿರುವಾಗ ಒಂದು ಮಾತ್ರ ಚಲಿಸುತ್ತದೆ. ಹೊಟ್ಟೆಯೂ ಸೋಫಾದ ಅಂಚಿಗೆ ಆತುಕೊಂಡಿರುತ್ತದೆ. ಅಂಬೆಗಾಲನ್ನೇ ನೆಟ್ಟಗೆ ನಿಲ್ಲಿಸಿದಂತಿರುವ ಈ ಚಲನೆಗೆ ತೋಳಿನ ಬಲ ಬೇಕು, ಸಮತೋಲ ಅಷ್ಟಾಗಿ ಬೇಡ.

ಏರುವಾಗ ಕಣ್ಣು ಕೈಯ ಕಡೆಗಿರುತ್ತದೆ. ಹಿಡಿಯಬೇಕಾದ ಅಂಚು ಕಾಣುತ್ತದೆ, ತಲುಪಬೇಕಾದ ವಸ್ತು ಎದುರಿಗಿರುತ್ತದೆ. ಇಳಿಯುವಾಗ ಇವೆಲ್ಲವೂ ತಲೆಕೆಳಗಾಗುತ್ತವೆ. ಸುರಕ್ಷಿತವಾಗಿ ಇಳಿಯಬೇಕಾದರೆ ಮಗು ತಾನು ಹೋಗಬೇಕಾದ ಕಡೆಗೆ ಬೆನ್ನು ತಿರುಗಿಸಬೇಕು, ಕಾಣದ ನೆಲವನ್ನು ಕಾಲಿನಿಂದ ತಡಕಬೇಕು. ಬೇಕಾದುದು ಮುಂದಿರುವಾಗ ಅದಕ್ಕೆ ಬೆನ್ನು ಹಾಕುವುದು ಹನ್ನೊಂದು ತಿಂಗಳಿನ ಬುದ್ಧಿಗೆ ಸುಲಭದ ಮಾತಲ್ಲ. ಆದುದರಿಂದಲೇ ಸೋಫಾದ ಮೇಲಿರುವ ಕೂಸು ನೆಲದ ಮೇಲಿನ ಆಟಿಕೆಯನ್ನು ಕಂಡೊಡನೆ ತಲೆ ಮುಂದುಮಾಡಿ ಬಾಗುತ್ತದೆ. ಶಿಶುವಿನ ತಲೆ ದೇಹಕ್ಕೆ ಹೋಲಿಸಿದರೆ ದೊಡ್ಡದು; ಹುಟ್ಟಿದಾಗ ಅದು ದೇಹದ ಉದ್ದದ ಸುಮಾರು ಕಾಲು ಭಾಗ, ವಯಸ್ಕರಲ್ಲಿ ಎಂಟನೆಯ ಒಂದು ಭಾಗ. ಬಾಗಿದ ಕೂಸಿನ ಭಾರವೆಲ್ಲ ತಲೆಯ ಕಡೆಗೇ ಇರುವುದರಿಂದ ಬೀಳುವಾಗ ತಲೆಯೇ ಮೊದಲು ನೆಲಕ್ಕೆ ತಾಗುತ್ತದೆ.

ಭಯ ಬರುವುದು ಎಲ್ಲಿಂದ

ಕಾರ್ನೆಲ್ ವಿಶ್ವವಿದ್ಯಾಲಯದ ಎಲಿನರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ 1960ರಲ್ಲಿ ಪ್ರಕಟಿಸಿದ ಪ್ರಯೋಗ ಮನಃಶಾಸ್ತ್ರದ ಪಠ್ಯಗಳಲ್ಲೆಲ್ಲ ಇದೆ. ಎತ್ತರದ ಮೇಜಿಗೆ ದಪ್ಪ ಗಾಜನ್ನು ಹೊದಿಸಿ, ಒಂದು ಬದಿಯಲ್ಲಿ ಚೌಕುಳಿ ಬಟ್ಟೆಯನ್ನು ಗಾಜಿಗೆ ಅಂಟಿಕೊಂಡಂತೆಯೂ ಇನ್ನೊಂದು ಬದಿಯಲ್ಲಿ ಬಹಳ ಕೆಳಗೆಯೂ ಹಾಸಿದ್ದರು. ಗಾಜು ಇರುವುದರಿಂದ ಬೀಳುವ ಅಪಾಯವಿಲ್ಲ, ಆದರೆ ಕಣ್ಣಿಗೆ ಪ್ರಪಾತ ಕಾಣುತ್ತದೆ. ಆರರಿಂದ ಹದಿನಾಲ್ಕು ತಿಂಗಳಿನ 36 ಮಕ್ಕಳನ್ನು ನಡುವಿನ ಹಲಗೆಯ ಮೇಲೆ ಬಿಟ್ಟು ತಾಯಂದಿರು ಎರಡೂ ಬದಿಗಳಿಂದ ಕರೆದರು. ಹಲಗೆ ಬಿಟ್ಟು ಚಲಿಸಿದ 27 ಮಕ್ಕಳೂ ಆಳವಿಲ್ಲದ ಬದಿಗೆ ಹೋದವು. ಪ್ರಪಾತದಂತೆ ಕಾಣುವ ಬದಿಗೆ ಹೋದವು ಮೂರು ಮಾತ್ರ.

ಇದನ್ನು ಓದಿದವರಿಗೆ ಎತ್ತರದ ಭಯ ಹುಟ್ಟುಗುಣವೆಂದು ತೋರುವುದು ಸಹಜ. ಆದರೆ ಪರೀಕ್ಷಿಸಿದ ಮಕ್ಕಳೆಲ್ಲ ಆಗಲೇ ತೆವಳಲು ಇಲ್ಲವೆ ಅಂಬೆಗಾಲಿಡಲು ಬಲ್ಲವರು. ಮುಂದೆ ಜೋಸೆಫ್ ಕ್ಯಾಂಪೋಸ್ ಮತ್ತು ಸಂಗಡಿಗರು, ಇನ್ನೂ ಚಲಿಸಲು ಕಲಿಯದ ಶಿಶುಗಳನ್ನು ಆಳದ ಬದಿಯ ಮೇಲೆ ಇಳಿಸಿ ಹೃದಯದ ಬಡಿತವನ್ನು ಅಳೆದರು. ಭಯದಲ್ಲಿ ಏರಬೇಕಾಗಿದ್ದ ಬಡಿತ ತುಸು ಇಳಿಯಿತು. ಅದು ಕುತೂಹಲದ ಲಕ್ಷಣ. ಅಂಬೆಗಾಲಿನ ಅನುಭವವಿದ್ದ ಮಕ್ಕಳಲ್ಲಿ ಬಡಿತ ಏರಿತು. ಆಳವನ್ನು ಕಾಣುವ ಶಕ್ತಿ ಮೊದಲೇ ಇರುತ್ತದೆ. ಆಳಕ್ಕೆ ಹಿಂಜರಿಯುವುದು ತಾನೇ ಚಲಿಸಿದ ಅನುಭವದಿಂದ ಬರುತ್ತದೆ.

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಅವರ ಕೆಲಸ ಇನ್ನೂ ಮುಂದಕ್ಕೆ ಹೋಗುತ್ತದೆ, ಮತ್ತು ತಂದೆತಾಯಿಯರಿಗೆ ಅತ್ಯಂತ ಮುಖ್ಯವಾದ ಸಂಗತಿ ಅಲ್ಲಿದೆ. ಇಳಿಜಾರು ಹಲಗೆಗಳ ಮೇಲೆ ಶಿಶುಗಳನ್ನು ಅವರು ತಿಂಗಳುಗಟ್ಟಲೆ ಗಮನಿಸಿದರು. ಹೊಸದಾಗಿ ಅಂಬೆಗಾಲಿಟ್ಟ ಮಕ್ಕಳು ಎಂಥ ಕಡಿದಾದ ಇಳಿಜಾರಿಗೂ ನುಗ್ಗುತ್ತಿದ್ದವು. ವಾರಗಳ ಅಭ್ಯಾಸದ ಮೇಲೆ ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂಬುದನ್ನು ಅರಿತು ನಿಲ್ಲುತ್ತಿದ್ದವು. ಆದರೆ ಅದೇ ಮಕ್ಕಳು ನಡೆಯಲು ಕಲಿತೊಡನೆ ಮತ್ತೆ ಅದೇ ಇಳಿಜಾರಿಗೆ ನುಗ್ಗಿದವು. ಅಂಬೆಗಾಲಿನಲ್ಲಿ ಗಳಿಸಿದ ವಿವೇಕ ನಡಿಗೆಗೆ ವರ್ಗವಾಗಲಿಲ್ಲ. 2000ದಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಕುಳಿತಿದ್ದಾಗ ಅಗಲವಾದ ಕಂದಕದ ಅಂಚಿನಲ್ಲಿ ಸರಿಯಾಗಿ ಅಳೆದು ಹಿಂದೆ ಸರಿದ ಕೂಸುಗಳೇ, ಅಂಬೆಗಾಲಿನಲ್ಲಿ ಬಂದಾಗ ಅದೇ ಕಂದಕಕ್ಕೆ ನುಗ್ಗಿದವು. ಹಿಡಿಯಲು ಸಿದ್ಧರಾಗಿ ನಿಂತವರು ಅವನ್ನು ಹಿಡಿಯಬೇಕಾಯಿತು.

ದೇಹದ ಒಂದೊಂದು ಭಂಗಿಗೂ ಎಲ್ಲೆಯ ಅರಿವು ಹೊಸದಾಗಿ ಮೂಡಬೇಕು ಎಂಬುದು ಇದರ ತಾತ್ಪರ್ಯ. ನೆಲದ ಮೇಲೆ ಎಷ್ಟೇ ಜಾಣತನದಿಂದ ಓಡಾಡಿದರೂ ಸೋಫಾದ ತೋಳಿನ ಮೇಲೆ ಅದೇ ಮಗು ಹೊಸಬ. ಒಮ್ಮೆ ಬಿದ್ದರೆ ತಾನೇ ಬುದ್ಧಿ ಬರುತ್ತದೆ ಎಂಬ ರೂಢಿಯ ಮಾತಿಗೂ ಇಲ್ಲಿ ಬೆಂಬಲ ಸಿಗುವುದಿಲ್ಲ. ಅಡಾಲ್ಫ್ ಅವರ ತಂಡ 2012ರಲ್ಲಿ ಎಣಿಸಿದಂತೆ, ಒಂದರಿಂದ ಒಂದೂವರೆ ವರ್ಷದ ಆಸುಪಾಸಿನ ಮಕ್ಕಳು ಸ್ವಚ್ಛಂದವಾಗಿ ಆಡುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಇಟ್ಟು 17 ಸಲ ಬೀಳುತ್ತಾರೆ. ಬೀಳುವುದು ಅವರಿಗೆ ದಿನಚರಿ. ಅಷ್ಟು ಬೀಳುವವರಿಗೆ ಇನ್ನೊಂದು ಬೀಳು ವಿಶೇಷ ಪಾಠವಾಗಲಾರದು. ನೆಲದ ಮಟ್ಟದಲ್ಲಿ ಬಿದ್ದರೆ ನಷ್ಟವಿಲ್ಲ. ಎತ್ತರದಿಂದ ಬಿದ್ದರೆ ಪಾಠಕ್ಕಿಂತ ಮೊದಲು ಗಾಯವಾಗುತ್ತದೆ. ಭಯವೆಂಬುದೇ ಇಲ್ಲ ಎಂಬ ಹಿರಿಯರ ಮಾತು ಒಂದರ್ಥದಲ್ಲಿ ನಿಜವೇ. ಆದರೆ ಅದು ನನ್ನ ಮಗಳೊಬ್ಬಳ ಸ್ವಭಾವವಲ್ಲ, ಆ ವಯಸ್ಸಿನ ಸ್ವಭಾವ.

ನಮ್ಮ ಮುಖದಲ್ಲಿ ಮಗು ಓದುವುದು

ಹಾಗಾದರೆ ಗದರಿಸಿ ಭಯ ಹುಟ್ಟಿಸಬಹುದೆ? 1985ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅದೇ ಗಾಜಿನ ಮೇಜಿನ ಆಳವನ್ನು ಸುಮಾರು 30 ಸೆಂಟಿಮೀಟರಿಗೆ ಇಳಿಸಿ, ಅಪಾಯವೋ ಅಲ್ಲವೋ ಎಂಬ ಅನುಮಾನ ಹುಟ್ಟುವಂತೆ ಮಾಡಲಾಯಿತು. ಒಂದು ವರ್ಷದ ಮಕ್ಕಳು ಅಂಚಿಗೆ ಬಂದು ತಾಯಿಯ ಮುಖ ನೋಡಿದವು. ತಾಯಿ ನಗುಮುಖ ತೋರಿದಾಗ 19 ಮಕ್ಕಳಲ್ಲಿ 14 ದಾಟಿದವು. ಭಯದ ಮುಖ ತೋರಿದಾಗ 17ರಲ್ಲಿ ಒಂದೂ ದಾಟಲಿಲ್ಲ.

ಮುಖಕ್ಕೆ ಇಷ್ಟು ಬೆಲೆಯಿರುವುದರಿಂದಲೇ ಅದನ್ನು ಮಿತವಾಗಿ ಬಳಸಬೇಕೆಂದು ನನಗನಿಸುತ್ತದೆ. ಕಾಲ್ಮಣೆ ಹತ್ತಿದರೂ ಚೀರುವ, ಕಿಟಕಿಯ ಕಟ್ಟೆ ಹತ್ತಿದರೂ ಚೀರುವ ಮನೆಯಲ್ಲಿ ಮಗುವಿಗೆ ಎರಡರ ಅಂತರ ತಿಳಿಯುವುದಿಲ್ಲ. ಅಲ್ಲದೆ ಪ್ರಯೋಗದಲ್ಲಿ ಮಗು ಅಂಚಿನಲ್ಲಿ ನಿಂತು ಮುಖ ನೋಡಿತು. ಮನೆಯಲ್ಲಿ ಅದು ನಮ್ಮ ಬೆನ್ನ ಹಿಂದೆ ಏರುತ್ತಿರುತ್ತದೆ. ಕಾಣದ ಮುಖ ಕಾಪಾಡಲಾರದು.

ಊರಿನ ಮನೆ, ಇಲ್ಲಿನ ಮನೆ

ನಾನು ಬೆಳೆದ ಮನೆಯಲ್ಲಿ ಕೂಸಿಗೆ ಏರಲು ಹೆಚ್ಚೇನೂ ಇರಲಿಲ್ಲ. ನಡುಮನೆಯಲ್ಲಿ ಚಾಪೆ, ಒಂದು ಮಂಚ, ಗೋಡೆಯೊಳಗೇ ಕಟ್ಟಿದ ಕಪಾಟು, ಕಿಟಕಿಗೆ ಕಬ್ಬಿಣದ ಸರಳು. ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯವರು ಸೇರಿ ಸದಾ ಎರಡು ಮೂರು ಜೊತೆ ಕಣ್ಣುಗಳು ಕೂಸಿನ ಮೇಲಿರುತ್ತಿದ್ದವು. ಇಲ್ಲಿನ ಮನೆಯಲ್ಲಿ ಸೋಫಾ, ಕಾಫಿ ಟೇಬಲ್, ಡ್ರಾಯರುಗಳ ಡ್ರೆಸ್ಸರ್, ನಿಲುವಿನ ಪುಸ್ತಕದ ಕಪಾಟು, ಅದರ ಪಕ್ಕದಲ್ಲಿ ಟಿವಿ. ಎಲ್ಲವೂ ನೆಲದ ಮೇಲೆ ಬಿಡಿಯಾಗಿ ನಿಂತವು. ಕಣ್ಣುಗಳು ಒಂದು ಜೊತೆ, ಅದೂ ಒಲೆಯ ಮೇಲಿನ ಕುಕ್ಕರಿನ ಕಡೆಗೆ ಅರ್ಧ. ಊರಿನಲ್ಲಿ ಜನ ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು ಇಲ್ಲಿ ತಿರುಪುಮೊಳೆಗಳು ಮಾಡಬೇಕಾಗಿದೆ.

ಡ್ರಾಯರುಗಳ ಡ್ರೆಸ್ಸರನ್ನೇ ನೋಡೋಣ. ಮುಚ್ಚಿದಾಗ ಅದರ ಭಾರದ ಕೇಂದ್ರ ನಡುವಿನಲ್ಲಿರುತ್ತದೆ. ಎರಡು ಮೂರು ಡ್ರಾಯರು ತೆರೆದರೆ ಭಾರ ಮುಂದಕ್ಕೆ ಬರುತ್ತದೆ. ತೆರೆದ ಡ್ರಾಯರನ್ನು ಮೆಟ್ಟಿಲು ಮಾಡಿಕೊಂಡು ಮಗು ಏರಿದಾಗ ಅದರ ಹತ್ತು ಕಿಲೋ ಭಾರ ಸನ್ನೆಗೋಲಿನ ತುದಿಯಲ್ಲಿ ಬಿದ್ದಂತಾಗಿ ಇಡೀ ಪೆಟ್ಟಿಗೆ ಅದರ ಮೇಲೆ ಮಗುಚುತ್ತದೆ. ದಪ್ಪ ಕಾರ್ಪೆಟ್ಟಿನ ಮೇಲೆ ನಿಂತದ್ದು ಇನ್ನೂ ಬೇಗ ವಾಲುತ್ತದೆ. ಇಂಥ ಸಾವುಗಳು ಕಾನೂನನ್ನು ಬದಲಿಸಿವೆ. ಅಮೆರಿಕದಲ್ಲಿ 2016ರಲ್ಲಿ ಐಕಿಯಾ ಕಂಪನಿ ಸುಮಾರು 2.9 ಕೋಟಿ ಡ್ರೆಸ್ಸರುಗಳನ್ನು ಹಿಂದಕ್ಕೆ ಕರೆಯಿತು. 2022ರ ಡಿಸೆಂಬರಿನಲ್ಲಿ ಸ್ಟರ್ಡಿ ಎಂಬ ಕಾಯಿದೆ ಬಂದಿತು. ಅದರಂತೆ 2023ರ ಸೆಪ್ಟೆಂಬರ್ 1ರಿಂದ, 27 ಇಂಚು ಮತ್ತು ಅದಕ್ಕೂ ಎತ್ತರದ ಬಟ್ಟೆಯ ಡ್ರೆಸ್ಸರುಗಳು ತುಂಬಿದ ಡ್ರಾಯರು, ಕಾರ್ಪೆಟ್ಟು ಮತ್ತು ಏರುವ ಮಗುವಿನ ಎಳೆತವನ್ನು ಅನುಕರಿಸುವ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಆಸ್ಟ್ರೇಲಿಯಾದಲ್ಲಿ ಉರುಳಬಲ್ಲ ಪೀಠೋಪಕರಣಗಳ ಮೇಲೆ ಎಚ್ಚರಿಕೆಯ ಚೀಟಿ ಇರಬೇಕೆಂಬ ನಿಯಮ 2025ರ ಮೇ 4ರಿಂದ ಕಡ್ಡಾಯವಾಗಿದೆ.

ಆದರೆ ಹೊಸದಾಗಿ ಬಂದ ನಮ್ಮವರ ಮನೆಗಳಲ್ಲಿ ಅರ್ಧಕ್ಕರ್ಧ ಸಾಮಾನು ಹಿಂದಿನ ಬಾಡಿಗೆದಾರರಿಂದಲೋ ಗೆಳೆಯರಿಂದಲೋ ಬಂದದ್ದು. ಹೊಸ ಕಾನೂನು ಹಳೆಯ ಡ್ರೆಸ್ಸರಿಗೆ ಅನ್ವಯಿಸುವುದಿಲ್ಲ. ಅದಕ್ಕಿರುವ ಒಂದೇ ಪರಿಹಾರ ಗೋಡೆಗೆ ಬಿಗಿಯುವುದು.

ಗೋಡೆಗೆ ಬಿಗಿಯುವ ಕ್ರಮ

ಊರಿನ ಇಟ್ಟಿಗೆ, ಕಾಂಕ್ರೀಟಿನ ಗೋಡೆಗೆ ಎಲ್ಲಿ ಮೊಳೆ ಹೊಡೆದರೂ ನಿಲ್ಲುತ್ತದೆ. ಉತ್ತರ ಅಮೆರಿಕದ ಮನೆಗಳ ಒಳಗೋಡೆ ಸಾಮಾನ್ಯವಾಗಿ ಜಿಪ್ಸಂ ಹಲಗೆ, ಹಿಂದೆ ಟೊಳ್ಳು. ಬರಿಯ ಹಲಗೆಗೆ ಹಾಕಿದ ತಿರುಪು ಮಗು ಎಳೆದಾಗ ಕಿತ್ತು ಬರುತ್ತದೆ. ಹಲಗೆಯ ಹಿಂದೆ ಸಾಮಾನ್ಯವಾಗಿ 16 ಇಂಚಿಗೊಂದರಂತೆ ನಿಲ್ಲಿಸಿರುವ ಮರದ ಕಂಬಗಳಿಗೆ ಸ್ಟಡ್ ಎನ್ನುತ್ತಾರೆ. ಅವನ್ನು ಪತ್ತೆ ಮಾಡುವ ಚಿಕ್ಕ ಸಾಧನ ಯಂತ್ರಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತದೆ. ತಿರುಪು ಆ ಕಂಬಕ್ಕೆ ಇಳಿಯಬೇಕು. ಇನ್ನೊಂದು ತುದಿ ಪೀಠೋಪಕರಣದ ಗಟ್ಟಿ ಚೌಕಟ್ಟಿಗೆ ಕೂಡಬೇಕು, ಹಿಂಬದಿಯ ತೆಳು ಹಲಗೆಗಲ್ಲ. ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಕಂಬಗಳು ಲೋಹದವಾಗಿರುತ್ತವೆ. ಅವಕ್ಕೆ ಬೇರೆ ಬಗೆಯ ತಿರುಪು ಬೇಕು.

ಬಾಡಿಗೆ ಮನೆಯವರು ಗೋಡೆಗೆ ತೂತು ಮಾಡಲು ಹಿಂಜರಿಯುತ್ತಾರೆ. ಮಾಲೀಕರಿಗೆ ಕಾರಣ ತಿಳಿಸಿ ಬರಹದಲ್ಲಿ ಅನುಮತಿ ಕೇಳಿರಿ. ಬಿಡುವಾಗ ತೂತನ್ನು ಮುಚ್ಚುವುದು ಒಂದು ಗಂಟೆಯ ಕೆಲಸ. ಅನುಮತಿ ಬರುವವರೆಗೆ ಎತ್ತರದ ಸಾಮಾನನ್ನು ಮಗು ಒಂಟಿಯಾಗಿ ಹೋಗದ ಕೋಣೆಗೆ ಸಾಗಿಸಿ, ಭಾರವಾದವನ್ನು ಕೆಳಗಿನ ಡ್ರಾಯರಿಗೆ ಇಳಿಸಿ, ಟಿವಿಯನ್ನು ಅದಕ್ಕೆಂದೇ ಮಾಡಿದ ತಗ್ಗಿನ ಪೀಠಕ್ಕೆ ಬದಲಿಸಬಹುದು. ಮಗುವನ್ನು ಸೆಳೆಯುವ ವಸ್ತುಗಳನ್ನು, ಮುಖ್ಯವಾಗಿ ರಿಮೋಟು, ಫೋನು, ಬಿಸ್ಕತ್ತಿನ ಡಬ್ಬಿಗಳನ್ನು, ಎತ್ತರದಲ್ಲಿ ಕಾಣುವಂತೆ ಇಡಬಾರದು. ನೆಲುವಿನ ಗಡಿಗೆ ಕಂಡದ್ದರಿಂದಲೇ ಒರಳು ಮೆಟ್ಟಿಲಾಯಿತು.

ಕಿಟಕಿ, ಮೆಟ್ಟಿಲು, ತೊಟ್ಟಿಲು

ಸರಳಿಲ್ಲದ ಕಿಟಕಿ ನಮ್ಮ ಕಣ್ಣಿಗೆ ಅಂದ; ಏರುವ ಕೂಸಿಗೆ ಅದು ಬಾಗಿಲು. ಕೀಟ ತಡೆಯುವ ಜಾಲರಿ ಮಗುವಿನ ಭಾರವನ್ನು ತಡೆಯುವುದಿಲ್ಲ. ಮಹಡಿಯ ಕಿಟಕಿಗಳು 10 ಸೆಂಟಿಮೀಟರಿಗಿಂತ ಹೆಚ್ಚು ತೆರೆಯದಂತೆ ತಡೆ ಹಾಕಿಸುವುದು ಒಳ್ಳೆಯದು. ನ್ಯೂಯಾರ್ಕ್ ನಗರ 1976ರಲ್ಲಿಯೇ ಚಿಕ್ಕ ಮಕ್ಕಳಿರುವ ಅಪಾರ್ಟ್‌ಮೆಂಟುಗಳಿಗೆ ಕಿಟಕಿಯ ಕಾವಲು ಸರಳುಗಳನ್ನು ಕಡ್ಡಾಯಗೊಳಿಸಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಬಹುಮನೆ ಕಟ್ಟಡಗಳ ಕಿಟಕಿಗಳು 12.5 ಸೆಂಟಿಮೀಟರಿಗಿಂತ ಕಡಿಮೆ ತೆರೆಯುವಂತೆ ತಡೆ ಹಾಕಲು 2018ರ ಮಾರ್ಚ್ 13ರ ಗಡುವು ವಿಧಿಸಲಾಗಿತ್ತು. ಬೆಂಕಿ ಬಿದ್ದಾಗ ಕಿಟಕಿಯೇ ದಾರಿಯಾಗಬಹುದಾದ್ದರಿಂದ ಆ ತಡೆ ದೊಡ್ಡವರಿಗೆ ಬೇಗ ತೆಗೆಯಲು ಬರುವಂಥದ್ದಾಗಿರಬೇಕು. ಎಲ್ಲಕ್ಕಿಂತ ಅಗ್ಗದ ಉಪಾಯ, ಸೋಫಾ, ಮಂಚ, ಕುರ್ಚಿಗಳನ್ನು ಕಿಟಕಿಯಿಂದ ದೂರ ಸರಿಸುವುದು. ನಾವು ಮೊದಲು ಮಾಡಿದ್ದು ಅದನ್ನೇ. ಬಾಲ್ಕನಿಯ ಕುರ್ಚಿ, ಹೂಕುಂಡಗಳಿಗೂ ಇದೇ ಮಾತು ಸಲ್ಲುತ್ತದೆ.

ಮೆಟ್ಟಿಲಿನ ಮೇಲ್ತುದಿಯಲ್ಲಿ ಗೋಡೆಗೆ ತಿರುಪಿನಿಂದ ಬಿಗಿದ ಗೇಟು ಮಾತ್ರ ಸರಿ. ಒತ್ತಡದಿಂದ ಸಿಕ್ಕಿಸುವ ಗೇಟು ಕೆಳತುದಿಗೆ ಮತ್ತು ಬಾಗಿಲುಗಳ ನಡುವೆ ಸಾಕು. ಕೂಸು ಹಿಡಿದು ನಿಲ್ಲುವ ಮೊದಲೇ ತೊಟ್ಟಿಲಿನ ಹಾಸಿಗೆಯನ್ನು ಅತಿ ಕೆಳಗಿನ ಮಟ್ಟಕ್ಕೆ ಇಳಿಸಬೇಕು. ಒಳಗಿನ ದಿಂಬು, ದೊಡ್ಡ ಬೊಂಬೆಗಳು ಮೆಟ್ಟಿಲಾಗುತ್ತವೆ. ಮಗು ಸುಮಾರು 89 ಸೆಂಟಿಮೀಟರು ಎತ್ತರವಾದಾಗ, ಇಲ್ಲವೆ ಅಂಚು ದಾಟಲು ಕಾಲೆತ್ತಿದಾಗ, ತೊಟ್ಟಿಲಿನ ಕಾಲ ಮುಗಿಯಿತು. ಅನಂತರ ನೆಲದ ಹಾಸಿಗೆ ಲೇಸು. ದೇವರ ಮಂಟಪ ತಗ್ಗಿನ ಕಪಾಟಿನ ಮೇಲಿರುವ ಮನೆಗಳಲ್ಲಿ ಉರಿಯುವ ದೀಪಕ್ಕೂ ಏರುವ ಕೈಗೂ ಹೆಚ್ಚು ಅಂತರವಿರುವುದಿಲ್ಲ. ಈ ಒಂದು ವರ್ಷದ ಮಟ್ಟಿಗೆ ದೀಪವನ್ನು ಮೇಲಿಡುವುದರಿಂದ ಭಕ್ತಿಗೆ ಕೊರತೆಯಾಗದು.

ವಾಕರ್ ಎಂಬ ಉಡುಗೊರೆ

ಏರುವುದನ್ನು ಬಿಡಿಸಿ ಬೇಗ ನಡೆಸಬೇಕೆಂದು ಊರಿನಿಂದ ಬರುವ ಹಿರಿಯರು ಪ್ರೀತಿಯಿಂದ ತರಲು ಬಯಸುವುದು ಕೂರಿಸಿ ಓಡಿಸುವ ಗಾಲಿಯ ವಾಕರನ್ನು. ಕೆನಡಾದಲ್ಲಿ 2004ರ ಏಪ್ರಿಲ್‌ನಿಂದ ಅದರ ಆಮದು, ಮಾರಾಟ ಮತ್ತು ಜಾಹೀರಾತುಗಳು ನಿಷಿದ್ಧ. ಬಳಸಿದ್ದನ್ನು ಮಾರುವುದೂ ತಪ್ಪು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಅಂಥದೇ ನಿಷೇಧವನ್ನು ಕೇಳಿದೆ. ಕಾರಣ ಸರಳ: ವಾಕರಿನಲ್ಲಿ ಮಗು ನಾವು ತಡೆಯುವ ಮೊದಲೇ ಮುಂದೆ ಸಾಗಿಬಿಡುತ್ತದೆ, ಮೆಟ್ಟಿಲಿನ ಅಂಚು ಅದಕ್ಕೆ ಕಾಣುವುದಿಲ್ಲ, ಕೈಗೆ ಬಿಸಿ ಪಾತ್ರೆ ಎಟುಕುತ್ತದೆ. ಬೇಗ ನಡೆಯಲು ಅದು ನೆರವಾಗುವುದೂ ಇಲ್ಲ. ನಮ್ಮ ಕಡೆಯ ಮರದ ಮೂರು ಗಾಲಿಯ ನಡೆಬಂಡಿಯ ಮಾತು ಬೇರೆ. ಅದರಲ್ಲಿ ಮಗು ತನ್ನ ಕಾಲ ಮೇಲೆ ತಾನೇ ನಿಂತು ತಳ್ಳುತ್ತದೆ. ಮೆಟ್ಟಿಲಿಲ್ಲದ ಸಮನೆಲದಲ್ಲಿ, ಪಕ್ಕದಲ್ಲಿ ದೊಡ್ಡವರಿರುವಾಗ, ಅದು ಒಳ್ಳೆಯ ಜೊತೆ.

ಇಳಿಯುವ ಪಾಠ

ಏರುವುದನ್ನು ಪೂರ್ತಿ ತಡೆಯುವುದು ಸಾಧ್ಯವೂ ಅಲ್ಲ, ಹಿತವೂ ಅಲ್ಲ. ಅಭ್ಯಾಸದಿಂದ ಮಾತ್ರ ವಿವೇಕ ಬರುವುದಾದರೆ ಅಭ್ಯಾಸಕ್ಕೆ ಸ್ಥಳ ಬೇಕು. 1946ರಲ್ಲಿ ಬುಡಾಪೆಸ್ಟಿನಲ್ಲಿ ಶಿಶುಗೃಹವೊಂದನ್ನು ಆರಂಭಿಸಿದ ಹಂಗೇರಿಯ ಮಕ್ಕಳ ವೈದ್ಯೆ ಎಮ್ಮಿ ಪಿಕ್ಲರ್, ತಾನಾಗಿ ತಲುಪಲಾರದ ಭಂಗಿಯಲ್ಲಿ ಮಗುವನ್ನು ಇರಿಸಬಾರದು ಎಂಬ ತತ್ತ್ವವನ್ನು ಪಾಲಿಸಿದರು. ಇಂದು ಮಾರುಕಟ್ಟೆಯಲ್ಲಿರುವ ತ್ರಿಕೋನದ ಏಣಿಗೆ ಅವರದೇ ಹೆಸರಿದೆ. ಅದನ್ನು ಕೊಳ್ಳಲೇಬೇಕೆಂದಿಲ್ಲ, ನೆಲದ ಮೇಲೆ ಹಾಸಿಗೆ, ಅದರ ಪಕ್ಕ ಸೋಫಾದ ಎರಡು ಗಟ್ಟಿ ದಿಂಬು, ಇಷ್ಟು ಸಾಕು. ಅವರ ತತ್ತ್ವ ಮಾತ್ರ ಉಪಯುಕ್ತ. ಮಗು ಏರಲಾರದ ಕಡೆ ನಾವೇ ಎತ್ತಿ ಕೂರಿಸಬಾರದು. ಎತ್ತಿ ಕೂರಿಸಿದ ಎತ್ತರದ ಅಳತೆ ಅದರ ಕೈಕಾಲಿಗೆ ತಿಳಿದಿರುವುದಿಲ್ಲ.

ಇಳಿಯುವುದನ್ನು ನಾವು ಕಲಿಸಿದ ಬಗೆ ಇದು. ಮಗಳು ಸೋಫಾದ ಅಂಚಿಗೆ ಬಂದಾಗಲೆಲ್ಲ ಎತ್ತಿ ಇಳಿಸುವುದನ್ನು ಬಿಟ್ಟೆವು. ಸೊಂಟ ಹಿಡಿದು ಮೆಲ್ಲಗೆ ತಿರುಗಿಸಿ, ಹೊಟ್ಟೆಯ ಮೇಲೆ ಜಾರಿಸಿ, ಪಾದ ನೆಲಕ್ಕೆ ತಾಗುವವರೆಗೆ ಕೈ ಆಸರೆ ಕೊಟ್ಟೆವು. ಪ್ರತಿ ಸಲವೂ ಒಂದೇ ಮಾತು: “ತಿರುಗು, ಕಾಲು ಮೊದಲು.” ಡೇಕೇರಿನವರಿಗೆ ನಮ್ಮ ಮಾತು ಬರದು, ಆದರೆ ಸೊಂಟ ತಿರುಗಿಸುವ ಸನ್ನೆಯನ್ನು ಅವರೂ ಪಾಲಿಸಿದರು. ದಿನಕ್ಕೆ ಹತ್ತಾರು ಸಲದಂತೆ ಸುಮಾರು ಮೂರು ವಾರ ಹಿಡಿಯಿತು. ಅನಂತರ ಅಂಚಿಗೆ ಬಂದವಳು ತಾನೇ ತಿರುಗತೊಡಗಿದಳು. ಸೋಫಾದಲ್ಲಿ ಕಲಿತದ್ದು ಮೆಟ್ಟಿಲಿಗೆ ತಾನಾಗಿ ಬರಲಿಲ್ಲ. ಅಲ್ಲಿ ಮತ್ತೆ ಮೊದಲಿನಿಂದ ಕಲಿಸಬೇಕಾಯಿತು. ಇಳಿಜಾರಿನ ಪ್ರಯೋಗವನ್ನು ಓದಿದ್ದರಿಂದ ಇದು ನನಗೆ ಆಶ್ಚರ್ಯವೆನಿಸಲಿಲ್ಲ. ಎಷ್ಟು ಕಲಿತರೂ ಕಣ್ಣಳತೆಯ ಕಾವಲು ತಪ್ಪುವುದಿಲ್ಲ.

ಬಿದ್ದಾಗ ಗಮನಿಸಬೇಕಾದವು

ಬಿದ್ದ ತಕ್ಷಣ ಅತ್ತು, ಎತ್ತಿಕೊಂಡಾಗ ಸಮಾಧಾನಗೊಂಡು, ಎಂದಿನಂತೆ ಆಡುವ ಮಗುವಿನ ಬಗೆಗೆ ಸಾಮಾನ್ಯವಾಗಿ ಆತಂಕ ಬೇಡ. ಆದರೆ ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಲು ಕಷ್ಟವಾಗುವಷ್ಟು ಮಂಪರಿದ್ದರೆ, ಫಿಟ್ಸ್ ಬಂದರೆ, ಮೂಗು ಕಿವಿಗಳಿಂದ ನೀರು ಅಥವಾ ರಕ್ತ ಬಂದರೆ, ನೆತ್ತಿಯ ಮೆದುಭಾಗ ಉಬ್ಬಿದರೆ, ಕೈಯನ್ನೋ ಕಾಲನ್ನೋ ಬಳಸದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಎರಡು ವರ್ಷದೊಳಗಿನ ಮಕ್ಕಳು 90 ಸೆಂಟಿಮೀಟರಿಗಿಂತ ಎತ್ತರದಿಂದ ಬಿದ್ದರೆ ವೈದ್ಯರು ಅದನ್ನು ತೀವ್ರವಾದ ಬೀಳುವಿಕೆಯೆಂದೇ ಎಣಿಸುತ್ತಾರೆ. ಉತ್ತರ ಅಮೆರಿಕದ ಅಡುಗೆಕಟ್ಟೆಯ ಎತ್ತರ ಹೆಚ್ಚುಕಡಿಮೆ ಅಷ್ಟೇ. ಹೀಗೆ ಬಿದ್ದ ಮಗು ಚೆನ್ನಾಗಿಯೇ ಕಂಡರೂ ವೈದ್ಯರಿಗೆ ತೋರಿಸಬೇಕು. ಆಂಬುಲೆನ್ಸಿಗೆ ಕರೆ ಮಾಡುವ ಸಂಖ್ಯೆ ಅಮೆರಿಕ ಮತ್ತು ಕೆನಡಾದಲ್ಲಿ 911, ಬ್ರಿಟನ್ನಿನಲ್ಲಿ 999, ಜರ್ಮನಿಯಲ್ಲಿ 112, ಆಸ್ಟ್ರೇಲಿಯಾದಲ್ಲಿ 000, ಸಿಂಗಪುರದಲ್ಲಿ 995, ಸಂಯುಕ್ತ ಅರಬ್ ಸಂಸ್ಥಾನದಲ್ಲಿ 998. ಮನೆಗೆ ಬಂದಿರುವ ಅಜ್ಜ ಅಜ್ಜಿಯರಿಗೆ ಈ ಸಂಖ್ಯೆಯನ್ನೂ ಮನೆಯ ವಿಳಾಸವನ್ನೂ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿಡುವುದು ಒಳ್ಳೆಯದು.

ಏರುವ ಕೂಸು ಬುದ್ಧಿವಂತ ಎಂದಾಗಲಿ, ಮುಂದೆ ಹಟಮಾರಿಯಾಗುತ್ತದೆ ಎಂದಾಗಲಿ ಈ ಒಂದು ವರ್ಷವನ್ನು ನೋಡಿ ಹೇಳಲು ಬರುವುದಿಲ್ಲ. ಹೇಳಬಹುದಾದದ್ದು ಇಷ್ಟೆ. ಅದರ ತೋಳಿಗೆ ಬಲ ಬಂದಿದೆ, ಕಣ್ಣಿಗೆ ಗುರಿ ಸಿಕ್ಕಿದೆ. ಎಲ್ಲೆಯ ಅರಿವು ಮಾತ್ರ ಇನ್ನೂ ಬರಬೇಕಾಗಿದೆ. ಅದು ಬರುವವರೆಗೆ ಗೋಡೆಯ ತಿರುಪು, ಕಿಟಕಿಯ ತಡೆ ಮತ್ತು “ತಿರುಗು, ಕಾಲು ಮೊದಲು” ಎಂಬ ಮಾತು, ಈ ಮೂರನ್ನು ಒದಗಿಸುವುದು ನಮ್ಮ ಪಾಲಿನ ಕೆಲಸ. ಹೊಸ್ತಿಲು ದಾಟಿದ ದಿನ ಸಿಹಿ ಮಾಡುವವರು, ಕೂಸು ಮೊದಲ ಸಲ ತಾನೇ ತಿರುಗಿ ಸೋಫಾದಿಂದ ಇಳಿದ ದಿನವೂ ಒಂದು ಬಟ್ಟಲು ಪಾಯಸ ಮಾಡಬಹುದು.